ವಿಮಾನದೊಳಗೆ ಬಂದ ಎಣ್ಣೆ ವಾಸನೆ: ನಿಮ್ಮ ಉತ್ತರ ಸಾಲದು

ಗೆ,
ಮುಖ್ಯಸ್ಥರು,
ಪ್ರಯಾಣಿಕರ ದೂರು ವಿಭಾಗ ಮತ್ತು ಹಾರಾಟ ಸುರಕ್ಷತಾ ವಿಭಾಗ

ವಿಷಯ: ಕ್ಯಾಬಿನ್ ಗಾಳಿಯ ಬಗ್ಗೆ ಎರಡನೇ ದೂರು

ಮಾನ್ಯರೇ,

ಕಳೆದ ತಿಂಗಳು ನಿಮ್ಮ ವಿಮಾನದಲ್ಲಿ ಬಂದ ವಾಸನೆಯ ಬಗ್ಗೆ ಬರೆದಿದ್ದೆ. ನಿಮ್ಮ ಉತ್ತರ ಬಂತು. ಎಲ್ಲ ವಿಮಾನಗಳಲ್ಲೂ ಹೆಪಾ ಫಿಲ್ಟರ್ ಇದೆ, ಅದು ಶೇ. 99.97ರಷ್ಟು ಕಣಗಳನ್ನು ಹಿಡಿಯುತ್ತದೆ, ಗಾಳಿ ನಿಯಮದ ಪ್ರಕಾರವೇ ಇತ್ತು ಎಂದಿದ್ದೀರಿ. ಫಿಲ್ಟರಿನ ಮಾತು ಸರಿ. ನಾನು ಕೇಳಿದ್ದು ಮಾತ್ರ ಬೇರೆ: ಆ ವಾಸನೆ ಎಲ್ಲಿಂದ ಬಂತು ಎಂದು. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಎಂಜಿನ್ ಶುರುವಾದ ಸ್ವಲ್ಪ ಹೊತ್ತಿಗೇ ತಲೆ ಮೇಲಿನ ಗಾಳಿ ಕಿಂಡಿಯಿಂದ ಒಗೆಯದ ಸಾಕ್ಸ್‌ನಂಥ ವಾಸನೆ ಬಂತು. ಮೇಲೇರುವಾಗ ಜಾಸ್ತಿಯಾಯಿತು. ನನಗೆ ಗಂಟಲು ಕೆರೆಯಿತು, ಕಣ್ಣು ಉರಿಯಿತು. ಅಮ್ಮನಿಗೆ ಹಿಡಿದ ತಲೆನೋವು ಇಳಿಯುವವರೆಗೂ ಬಿಡಲಿಲ್ಲ. ಸಿಬ್ಬಂದಿಯನ್ನು ಕರೆದು ಹೇಳಿದಾಗ, "ಎಸಿ ವಾಸನೆ ಸರ್, ಈಗ ಹೋಗುತ್ತೆ" ಎಂದರು. ಪಾಪ, ಅವರೂ ಕೆಮ್ಮುತ್ತಿದ್ದರು.

ಕ್ಯಾಬಿನ್‌ಗೆ ಬರುವ ಗಾಳಿಯಲ್ಲಿ ಹೆಚ್ಚುಕಡಿಮೆ ಅರ್ಧ ಒಳಗಿನದೇ. ಅದು ಫಿಲ್ಟರ್ ದಾಟಿ ಮತ್ತೆ ಬರುತ್ತದೆ. ಉಳಿದದ್ದು ಹೊರಗಿನ ಗಾಳಿ. ಬಹುತೇಕ ಜೆಟ್ ವಿಮಾನಗಳಲ್ಲಿ ಇದನ್ನು ಎಂಜಿನ್ನಿನ ಕಂಪ್ರೆಸರ್‌ನಿಂದಲೇ (ಗಾಳಿಯನ್ನು ಒತ್ತುವ ಭಾಗ) ತೆಗೆಯುತ್ತಾರೆ, ಇಂಧನ ಉರಿಯುವ ಜಾಗಕ್ಕಿಂತ ಮೊದಲೇ. ಬ್ಲೀಡ್ ಏರ್ ಅನ್ನುವುದು ಇದಕ್ಕೇ. ಇದು ಕ್ಯಾಬಿನ್‌ಗೆ ಬರುವ ಮುಂಚೆ ನೀವು ಹೇಳುವ ಫಿಲ್ಟರನ್ನು ದಾಟುವುದೇ ಇಲ್ಲ. ಎಂಜಿನ್ನಿನದ್ದೋ ಎಪಿಯುನದ್ದೋ (ವಿಮಾನದ ಸಣ್ಣ ಸಹಾಯಕ ಎಂಜಿನ್) ಆಯಿಲ್ ಸೀಲ್ ಸೋರಿದರೆ ಕಾದ ಎಣ್ಣೆಯ ಹೊಗೆ ಸೀದಾ ನಮ್ಮ ಮೂಗಿಗೆ ಬರುತ್ತದೆ. ಅವತ್ತಿನ ಸಾಕ್ಸ್ ವಾಸನೆಯೂ ಇದೇ ಎಂಬುದು ನನ್ನ ಅನುಮಾನ. ಹೆಪಾ ಹಿಡಿಯುವುದು ಕಣಗಳನ್ನು. ಅನಿಲ, ಆವಿ ಅದಕ್ಕೆ ಸಿಗುವುದಿಲ್ಲ.

ಜೆಟ್ ಎಂಜಿನ್ ಎಣ್ಣೆಗೆ ಸವೆತ ತಡೆಯಲೆಂದು ಸಾಮಾನ್ಯವಾಗಿ ಟ್ರೈಕ್ರೆಸಿಲ್ ಫಾಸ್ಫೇಟ್ ಸೇರಿಸುತ್ತಾರೆ. ಅದರ ಕೆಲವು ರೂಪಗಳು ನರಗಳಿಗೆ ವಿಷ. ಕ್ಯಾಬಿನ್ನಿನಲ್ಲಿ ಬರುವಷ್ಟು ಪ್ರಮಾಣದಿಂದ ಎಷ್ಟು ಹಾನಿ ಎಂಬುದರ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತ ಇಲ್ಲ. ವಾಸನೆ ಬಂದ ಹೊತ್ತಿನಲ್ಲಿ ಅಳೆಯುವ ಸಾಧನವೇ ಇಲ್ಲದಿದ್ದರೆ ಒಮ್ಮತ ಎಲ್ಲಿಂದ ಬರಬೇಕು?

ನಿಯಮದ ಮಾತಿಗೆ ಬರುತ್ತೇನೆ. ಅಮೆರಿಕ ಮತ್ತು ಯುರೋಪಿನ ವಿಮಾನ ವಿನ್ಯಾಸ ನಿಯಮಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಗಾಳಿಯ 20,000 ಭಾಗಕ್ಕೆ 1 ಭಾಗ ಮೀರಬಾರದು ಎಂದಿದೆ. ಓಝೋನ್‌ಗೂ ಮಿತಿ ಇದೆ. ಆದರೆ ಎಣ್ಣೆ ಹೊಗೆ ಪತ್ತೆ ಹಚ್ಚುವ ಸೆನ್ಸರ್ ವಿಮಾನದಲ್ಲಿ ಇರಲೇಬೇಕು ಎಂದು ಅವು ಹೇಳುವುದಿಲ್ಲ. ಹಾಗಿದ್ದರೆ ಅವತ್ತಿನ ಗಾಳಿ ಮಿತಿಯೊಳಗಿತ್ತು ಎಂದು ಯಾವ ಅಳತೆ ನೋಡಿ ಬರೆದಿರಿ? ಅಳತೆ ಇದ್ದರೆ ಕಳಿಸಿ. ಇಲ್ಲದಿದ್ದರೆ ಆ ಸಾಲನ್ನು ವಾಪಸ್ ತೆಗೆದುಕೊಳ್ಳಿ.

ಬೇರೆ ದಾರಿಯೇ ಇಲ್ಲ ಎಂದೂ ಹೇಳುವಂತಿಲ್ಲ. 2011ರಿಂದ ಪ್ರಯಾಣಿಕರನ್ನು ಹೊತ್ತು ಹಾರುತ್ತಿರುವ ಬೋಯಿಂಗ್ 787ರಲ್ಲಿ ಕ್ಯಾಬಿನ್ ಗಾಳಿಗೆ ಎಂಜಿನ್ನನ್ನು ನೆಚ್ಚಿಲ್ಲ, ವಿದ್ಯುತ್ ಕಂಪ್ರೆಸರ್‌ಗಳಿವೆ. ನಿಮ್ಮ ವಿಮಾನಗಳನ್ನೆಲ್ಲ ನಾಳೆಯೇ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಇರುವ ವಿಮಾನಗಳಲ್ಲಿ ಸೆನ್ಸರ್ ಕೂರಿಸಿ ಎನ್ನುತ್ತಿದ್ದೇನೆ. ನಿಯಮ ಹೇಳುವವರೆಗೂ ಕಾಯಬೇಕೆಂದೇನೂ ಇಲ್ಲ ಅಲ್ವಾ?

ಸದ್ಯಕ್ಕೆ ನನಗೆ ಬೇಕಾದದ್ದು ಇಷ್ಟು. ಅವತ್ತಿನ ವಾಸನೆಯನ್ನು ವಿಮಾನದ ಟೆಕ್ನಿಕಲ್ ಲಾಗ್‌ನಲ್ಲಿ ಬರೆದಿದ್ದಾರಾ? ಮುಂದಿನ ಹಾರಾಟಕ್ಕೆ ಮುಂಚೆ ಎಂಜಿನಿಯರ್‌ಗಳು ಆಯಿಲ್ ಸೀಲ್, ಗಾಳಿಯ ಡಕ್ಟ್ ಪರೀಕ್ಷಿಸಿದರಾ, ಸುಮ್ನೆ ಬಿಟ್ಟರಾ? ಆ ಸಿಬ್ಬಂದಿಯನ್ನು ಡಾಕ್ಟರಿಗೆ ತೋರಿಸಿದಿರಾ? ಈ ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯ. ನಾವು ಕೆಲವು ಗಂಟೆ ಕೂತು ಇಳಿದು ಹೋಗುತ್ತೇವೆ. ಅವರು ಮರುದಿನವೂ ಅದೇ ವಿಮಾನ ಹತ್ತಬಹುದು, ಅದೇ ಗಾಳಿ ಉಸಿರಾಡಬೇಕು. ಅದು ಎಸಿ ವಾಸನೆ ಎಂದು ಅವರಿಗೆ ಹೇಳಿಕೊಟ್ಟವರು ಯಾರು ಎಂಬುದೂ ತಿಳಿಯಬೇಕು.

30 ದಿನದೊಳಗೆ ಲಿಖಿತ ಉತ್ತರ ಕೊಡಿ, ಲಾಗ್‌ನ ಪ್ರತಿ ಸಮೇತ. ಬಾರದಿದ್ದರೆ ಈ ಎರಡೂ ಪತ್ರಗಳನ್ನು, ನಿಮ್ಮ ಮೊದಲ ಉತ್ತರವನ್ನು ಸೇರಿಸಿ, ವಿಮಾನಯಾನ ನಿಯಂತ್ರಣ ಪ್ರಾಧಿಕಾರಕ್ಕೆ ಕಳಿಸುತ್ತೇನೆ.

ಇಂತಿ,
ನಿಮ್ಮ ಪ್ರಯಾಣಿಕ