ಬೈಪಾಸ್ ಆದವರನ್ನು ಮಂಚಕ್ಕೆ ಕಟ್ಟಿಹಾಕಬೇಡಿ

ಸಂಪಾದಕರೇ,

ಹೃದಯದ ಬೈಪಾಸ್ ಆಪರೇಷನ್ ಮಾಡಿಸಿಕೊಂಡು ಬಂದವರನ್ನು ನಮ್ಮ ಕರಾವಳಿಯ ಮನೆಗಳಲ್ಲಿ ಮಂಚದಿಂದ ಇಳಿಯಗೊಡುವುದಿಲ್ಲ. ಊಟಕ್ಕೆ ಗಂಜಿ, ಉಪ್ಪಿನಕಾಯಿ, ಹಪ್ಪಳ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಎರಡೂ ತಪ್ಪು. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯ ದೊಡ್ಡ ಪಾಲು ಆ ಒಂದು ಊಟದಲ್ಲೇ ಮುಗಿದುಹೋಗುತ್ತದೆ.

ಆಪರೇಷನ್‌ನಲ್ಲಿ ಸೀಳಿ ತಂತಿ ಬಿಗಿದ ಎದೆಮೂಳೆ ಕೂಡಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಪಥ್ಯ ಇರುವುದು ಕೈಗಳಿಗೆ, ಕಾಲುಗಳಿಗಲ್ಲ. ಬಾವಿಯಿಂದ ನೀರು ಸೇದುವುದು, ಬಸ್ಸಿನ ಕಂಬಿ ಹಿಡಿದು ಮೈ ಎಳೆದುಕೊಂಡು ಹತ್ತುವುದು, ಸ್ಕೂಟರ್ ಓಡಿಸುವುದು ಬೇಡ. ಎರಡು ಮೂರು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಳ್ಳಿ. ಎದೆಯೊಳಗೆ 'ಟಕ್' ಅಂದರೆ, ಗಾಯ ಸೋರಿದರೆ, ಎರಡು ಮೂರು ದಿನದಲ್ಲಿ ತೂಕ 2 ಕೆ.ಜಿ. ಏರಿದರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ.

ವೈದ್ಯರು ಬೇಡವೆನ್ನದಿದ್ದರೆ ನಡಿಗೆ ಮನೆಗೆ ಬಂದ ಮರುದಿನದಿಂದಲೇ ಶುರುವಾಗಬೇಕು: ಸಮತಟ್ಟಾದ ಜಾಗದಲ್ಲಿ 5 ನಿಮಿಷದಂತೆ ದಿನಕ್ಕೆ ಮೂರು ಸಲ. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸುತ್ತ ಹೋದರೆ ಆರನೇ ವಾರಕ್ಕೆ ಅರ್ಧ ಗಂಟೆ ದಕ್ಕುತ್ತದೆ. ಮಳೆಗಾಲಕ್ಕೆ ಜಗಲಿ ಸಾಕು. ಸ್ಮಾರ್ಟ್‌ವಾಚ್ ನಂಬಿ ವೇಗ ಹೆಚ್ಚಿಸುವವರಿದ್ದಾರೆ. ಮೆಟೊಪ್ರೊಲಾಲ್‌ನಂಥ ಮಾತ್ರೆ ನಾಡಿಯನ್ನು ತಗ್ಗಿಸಿಯೇ ಇಡುತ್ತದೆ, ಏದುಸಿರು ಬಂದರೂ ವಾಚಿನಲ್ಲಿ ಕಾಣುವುದು ಸಣ್ಣ ಸಂಖ್ಯೆ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗ ಸರಿ. ನಡಿಗೆ ಉದ್ದವಾದ ಮೇಲೆ ಕೊನೆಯ 5 ನಿಮಿಷ ನಿಧಾನಿಸಿ. ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತುತ್ತದೆ. ಬೈಪಾಸ್‌ಗೆಂದು ರಕ್ತನಾಳ ತೆಗೆದ ಕಾಲು ಸಂಜೆಗೆ ಊದುವುದು ಸಾಮಾನ್ಯ, ಮೀನಖಂಡ ಬಿಗಿದು ನೋಯುವುದು ಸಾಮಾನ್ಯವಲ್ಲ.

ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಹೃದ್ರೋಗಿಗಳ ಪುನಶ್ಚೇತನ, ಇಷ್ಟೇ ಅಲ್ಲ. 6 ನಿಮಿಷದ ನಡಿಗೆ ಪರೀಕ್ಷೆ, ಬಿಪಿ-ಇಸಿಜಿ ನೋಡುತ್ತ ವಾರಕ್ಕೆ ಮೂರರಂತೆ ಸುಮಾರು 12 ವಾರ ವ್ಯಾಯಾಮ, ಜೊತೆಗೆ ಆಹಾರ, ಬೀಡಿ, ಮಾತ್ರೆಗಳ ಲೆಕ್ಕ. ಆಪರೇಷನ್ ನಂತರ ಮಂಕಾಗಿ ಕೂರುವವರನ್ನು ಮೊದಲು ಗುರುತಿಸುವುದೂ ಇಲ್ಲಿಯೇ. ಮತ್ತೆ ಆಸ್ಪತ್ರೆ ಸೇರುವ ಪ್ರಮೇಯ ಇದರಿಂದ ಕಡಿಮೆಯಾಗುತ್ತದೆ.

ಆದರೆ ಬೈಂದೂರಿನವರು ವಾರಕ್ಕೆ ಮೂರು ಸಲ ಮಣಿಪಾಲಕ್ಕೆ, ಸುಳ್ಯದವರು ಮಂಗಳೂರಿಗೆ ಹೋಗಿ ಬರಲಾದೀತೇ? ಅಪಾಯ ಕಡಿಮೆಯಿರುವವರ ಮೊದಲ ಎರಡು ವಾರ ದೊಡ್ಡ ಆಸ್ಪತ್ರೆಯಲ್ಲಿ ಮುಗಿಸಿ, ಉಳಿದದ್ದನ್ನು ತಾಲೂಕು ಆಸ್ಪತ್ರೆಗೆ ಒಪ್ಪಿಸಬಹುದು. ಅಲ್ಲಿಗೆ ಬೇಕಾದದ್ದು ತರಬೇತಾದ ಫಿಸಿಯೋಥೆರಪಿಸ್ಟ್, ಬಿಪಿ ಮಾಪಕ, ಆಕ್ಸಿಮೀಟರ್, ಹೃದಯದ ಲಯ ತಪ್ಪಿದರೆ ಶಾಕ್ ಕೊಡುವ ಡಿಫಿಬ್ರಿಲೇಟರ್, ನಡಿಗೆ ಪರೀಕ್ಷೆಗೆ 30 ಮೀಟರ್ ಉದ್ದದ ಕಾರಿಡಾರ್. ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ತಾಲೂಕಿನಲ್ಲಾದರೂ ಆರಂಭಿಸಲಿ. ಖಾಸಗಿ ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ಬರೀ 'ವಿಶ್ರಾಂತಿ' ಎನ್ನುವ ಬದಲು ಯಾವ ವಾರ ಎಷ್ಟು ನಿಮಿಷ ನಡೆಯಬೇಕೆಂದು ಕನ್ನಡದಲ್ಲಿ ಬರೆದುಕೊಡಲಿ.

– ಹೃದ್ರೋಗ ಪುನಶ್ಚೇತನ ಫಿಸಿಯೋಥೆರಪಿಸ್ಟರು, ಉಡುಪಿ