ಎರಡನೇ ಕಾರ್ಡ್ ಯಾಕೆ ಬೇಕು: ಮಗಳಿಗೊಂದು ಪತ್ರ

ಪುಟ್ಟಿ,

ನೀನು ವಿದೇಶಕ್ಕೆ ಹೊರಡುವ ದಿನ ಹತ್ತಿರ ಬಂತು, ಫೋನಿನಲ್ಲಿ ಶುರುವಾದ ಮಾತು ಅರ್ಧಕ್ಕೇ ನಿಂತಿದೆ. "ಒಂದು ಕಾರ್ಡ್ ಸಾಕಮ್ಮ, ಉಳಿದದ್ದೆಲ್ಲ ಫೋನಲ್ಲೇ ಇದೆ" ಅಂದೆ. ನನ್ನ ದನಿ ಏರಿತು, ನೀನು ಕಟ್ ಮಾಡಿದೆ. ಜೋರು ಮಾಡಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಹೇಳಿದ ವಿಷಯವನ್ನು ಮಾತ್ರ ಬಿಡಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಆರಿಸಿದ ಕಾರ್ಡಿನ ಬಗ್ಗೆ ತಕರಾರಿಲ್ಲ. ಷರತ್ತುಗಳ ಪುಟವನ್ನು ಪೂರ್ತಿ ಓದಿ, ರಿವಾರ್ಡ್ ಪಾಯಿಂಟಿಗೆ ಮರುಳಾಗದೆ, ಮಾರ್ಕಪ್, ಅಂದರೆ ಹೊರದೇಶದ ಖರ್ಚಿನ ಮೇಲೆ ಬ್ಯಾಂಕ್ ಸೇರಿಸುವ ಹೆಚ್ಚುವರಿ ಶುಲ್ಕ, ಇಲ್ಲದ್ದನ್ನೇ ಹುಡುಕಿದ್ದೀಯ. ಹೆಮ್ಮೆ ಅನ್ನಿಸಿತು. ಸಾಮಾನ್ಯ ಕಾರ್ಡು ಹೊರದೇಶದ ಪ್ರತಿ ಖರ್ಚಿನ ಮೇಲೆ ಶೇ 2ರಿಂದ 3.5ರಷ್ಟು ಕತ್ತರಿಸುತ್ತದೆ, ಪಾಯಿಂಟಿನ ರೂಪದಲ್ಲಿ ತಿರುಗಿ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ. ಆದರೆ ವಾರ್ಷಿಕ ಶುಲ್ಕ ಎಷ್ಟಿದೆ ನೋಡಿದೆಯಾ? ಆ ಶುಲ್ಕವನ್ನು 0.03ರಿಂದ ಭಾಗಿಸು. ಬರುವ ಮೊತ್ತಕ್ಕಿಂತ ಹೆಚ್ಚು ಖರ್ಚು ಮಾಡುವವರಿಗೆ ಮಾತ್ರ, ಶೇ 3ರ ಮಾರ್ಕಪ್ ಇರುವ ಉಚಿತ ಕಾರ್ಡಿಗಿಂತ ಇದು ಲಾಭ. ಇನ್ನೊಂದು ವಿಷಯ, "ಮಾರ್ಕಪ್ ಶೂನ್ಯ" ಅಂದಾಗ ಕರೆನ್ಸಿ ಪರಿವರ್ತನೆಯ ದರ ಯಾರದ್ದು ಅಂತ ಕೇಳಬೇಕು. ಕಾರ್ಡಿನ ನೆಟ್‌ವರ್ಕಾದ ವೀಸಾ ಅಥವಾ ಮಾಸ್ಟರ್‌ಕಾರ್ಡಿನ ದರವಾದರೆ ಸರಿ. ಬ್ಯಾಂಕ್ ತನ್ನದೇ ದರ ಹಾಕಿದರೆ ಮಾರ್ಕಪ್ ಅದರೊಳಗೇ ಅಡಗಿರುತ್ತದೆ. ಮೊದಲ ಖರ್ಚು ಸ್ಟೇಟ್‌ಮೆಂಟಿನಲ್ಲಿ ಬಂದ ಕೂಡಲೇ ಆ ನೆಟ್‌ವರ್ಕಿನ ಜಾಲತಾಣದಲ್ಲಿರುವ ಕ್ಯಾಲ್ಕುಲೇಟರಿನಲ್ಲಿ, ಬ್ಯಾಂಕ್ ಶುಲ್ಕದ ಜಾಗಕ್ಕೆ 0 ಹಾಕಿ ತಾಳೆ ನೋಡು. ದರ ಖರೀದಿಸಿದ ದಿನದ್ದಲ್ಲದೆ ಲೆಕ್ಕಕ್ಕೆ ಸೇರಿದ ದಿನದ್ದೂ ಇರಬಹುದು, ಆದ್ದರಿಂದ ಒಂದೆರಡು ದಿನ ಹಿಂದೆ ಮುಂದೆ ಮಾಡಿಯೂ ನೋಡಬೇಕು.

ಈಗ ನನ್ನ ಭಯಕ್ಕೆ ಬರುತ್ತೇನೆ. 2018ರ ಜೂನ್ 1ರಂದು ಯುರೋಪಿನಲ್ಲಿ ವೀಸಾ ಕಾರ್ಡುಗಳು ಗಂಟೆಗಟ್ಟಲೆ ಕೈಕೊಟ್ಟವು. ಸುಮಾರು 52 ಲಕ್ಷ ವ್ಯವಹಾರಗಳು ವಿಫಲವಾದವು. ಕಾರಣ, ಒಂದು ಡೇಟಾ ಸೆಂಟರಿನ ಒಂದು ಸ್ವಿಚ್, ಅಂದರೆ ಜಾಲದ ಮಾಹಿತಿಯನ್ನು ದಾಟಿಸುವ ಉಪಕರಣ. ಅದು ಪೂರ್ತಿ ಸತ್ತಿದ್ದರೆ ಬದಲಿ ಸ್ವಿಚ್ ಕೆಲಸ ವಹಿಸಿಕೊಳ್ಳುತ್ತಿತ್ತು. ಅರೆಬರೆ ಕೆಟ್ಟಿದ್ದರಿಂದ ಬದಲಿ ಇದ್ದೂ ಪ್ರಯೋಜನವಾಗಲಿಲ್ಲ. ಆ ದಿನ ಹಣವಿತ್ತು, ಬ್ಯಾಂಕುಗಳೂ ಸರಿಯಾಗಿದ್ದವು, ಕಾರ್ಡು ಹಿಡಿದವರ ತಪ್ಪೇನೂ ಇರಲಿಲ್ಲ.

ಇಷ್ಟು ದೊಡ್ಡದೇ ಆಗಬೇಕೆಂದಿಲ್ಲ. ಎಟಿಎಂ ಕಾರ್ಡನ್ನು ನುಂಗಬಹುದು. ಚಿಪ್ ಸವೆಯಬಹುದು. ಹೊಸ ದೇಶದಲ್ಲಿ ಒಂದೇ ಸಂಜೆ ಮೂರು ಕಡೆ ಖರ್ಚಾದರೆ ಬ್ಯಾಂಕಿನ ಯಂತ್ರ ಅನುಮಾನಪಟ್ಟು ತಡೆಹಿಡಿಯಬಹುದು. ಬದಲಿ ಕಾರ್ಡು ಸಾಮಾನ್ಯವಾಗಿ ಹೋಗುವುದು ಮನೆಯ ವಿಳಾಸಕ್ಕೆ, ನೀನಿರುವ ಹೋಟೆಲಿಗಲ್ಲ. ಫೋನಲ್ಲಿದೆ ಅಂತೀಯಲ್ಲ, ಅದು ಇದೇ ಕಾರ್ಡಿನ ಇನ್ನೊಂದು ರೂಪ ಅಷ್ಟೇ. ಬ್ಯಾಂಕ್ ಖಾತೆ ತಡೆದರೆ ಫೋನಿನದೂ ನಿಂತಿತು. ಅದೇ ಬ್ಯಾಂಕಿನ ವರ್ಚುಯಲ್ ಕಾರ್ಡೂ, ಅಂದರೆ ಆ್ಯಪ್‌ನಲ್ಲಿ ಸಂಖ್ಯೆಯಾಗಿ ಮಾತ್ರ ಇರುವುದೂ, ಎರಡನೆಯದು ಅನ್ನಿಸಿಕೊಳ್ಳುವುದಿಲ್ಲ. ಆ್ಯಪ್‌ಗೆ ಲಾಗಿನ್ ಆಗದಿದ್ದರೆ ಎರಡೂ ಹೋದವು. ಎರಡು ಅಂದರೆ ಬೇರೆ ಬ್ಯಾಂಕು, ಬೇರೆ ನೆಟ್‌ವರ್ಕು, ಬೇರೆ ಚೀಲ. ಒಂದು ವೀಸಾ ಇದ್ದರೆ ಇನ್ನೊಂದು ಮಾಸ್ಟರ್‌ಕಾರ್ಡ್. ಒಂದು ಪರ್ಸಿನಲ್ಲಿ, ಇನ್ನೊಂದು ಸೂಟ್‌ಕೇಸಿನಲ್ಲಿ.

ಆ ಎರಡರಲ್ಲಿ ಒಂದು ಕ್ರೆಡಿಟ್, ಒಂದು ಡೆಬಿಟ್ ಆಗಿರಲಿ. ಹೋಟೆಲಿನವರೂ ಬಾಡಿಗೆ ಕಾರಿನವರೂ ಮೊದಲೇ ಒಂದು ಮೊತ್ತವನ್ನು ಹೋಲ್ಡ್ ಮಾಡುತ್ತಾರೆ, ಅಂದರೆ ಬಳಸಲಾಗದಂತೆ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಾದರೆ ಲಿಮಿಟ್ ಮಾತ್ರ ಕಡಿಮೆಯಾಗುತ್ತದೆ. ಡೆಬಿಟ್ ಆದರೆ ನಿನ್ನ ಊಟದ ದುಡ್ಡೇ ಬಂಧಿ, ಬಿಡುಗಡೆಗೆ ದಿನಗಳೇ ಹಿಡಿಯುತ್ತವೆ. ಕಾರು ಬಾಡಿಗೆಗೆ ಕೊಡುವ ಬಹಳಷ್ಟು ಕೌಂಟರುಗಳಲ್ಲಿ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು. ವಿದೇಶಿ ಕರೆನ್ಸಿಯನ್ನು ಮೊದಲೇ ತುಂಬಿಸಿಕೊಳ್ಳುವ ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡು ಅಲ್ಲಿ ಎಷ್ಟೋ ಸಲ ನಡೆಯುವುದಿಲ್ಲ. ಅದರಲ್ಲಿ ತುಂಬಿಸಿದ ಕರೆನ್ಸಿ ಬಿಟ್ಟು ಬೇರೆಯದರಲ್ಲಿ ಖರ್ಚು ಮಾಡಿದರೆ ಕ್ರಾಸ್ ಕರೆನ್ಸಿ ಶುಲ್ಕವೂ ಬೀಳುತ್ತದೆ. ಹಲವು ದೇಶ ಸುತ್ತುವವರಿಗೆ ನಾನದನ್ನು ಹೇಳುವುದಿಲ್ಲ.

ಡೆಬಿಟ್ ಕಾರ್ಡನ್ನು ಎಟಿಎಂಗೆ ಮಾತ್ರ ಇಟ್ಟುಕೊ. ಆ ಖಾತೆಯಲ್ಲಿ ಸ್ವಲ್ಪವೇ ಹಣವಿರಲಿ, ಬೇಕಾದಾಗ ಇನ್ನೊಂದು ಖಾತೆಯಿಂದ ಹಾಕಿಕೊ. ಯಾರಾದರೂ ಕಾರ್ಡಿನ ನಕಲು ಮಾಡಿದರೂ ಹೋಗುವುದು ಅಷ್ಟೇ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದೀಯ, ಜೋಕೆ. ಅದಕ್ಕೆ ಬೇರೆ ಶುಲ್ಕವಿದೆ, ಬಡ್ಡಿ ಅದೇ ದಿನದಿಂದ ಶುರು. ಎಟಿಎಂ ಮಾಲೀಕರ ಶುಲ್ಕ, ನಿನ್ನ ಬ್ಯಾಂಕಿನ ಶುಲ್ಕ ಎರಡೂ ಸಾಮಾನ್ಯವಾಗಿ ಪ್ರತಿ ಸಲಕ್ಕೆ ಇಷ್ಟು ಅಂತ ಇರುವುದರಿಂದ ಚಿಲ್ಲರೆ ಚಿಲ್ಲರೆಯಾಗಿ ತೆಗೆಯದೆ ಒಂದೇ ಸಲ ತೆಗೆ. ಜಪಾನಿಗೆ ಹೋದರೆ ಸೆವೆನ್ ಬ್ಯಾಂಕ್ ಅಥವಾ ಅಂಚೆ ಬ್ಯಾಂಕಿನ ಎಟಿಎಂ ಹುಡುಕು, ಹೊರಗಿನ ಕಾರ್ಡನ್ನು ಒಪ್ಪದ ಯಂತ್ರಗಳು ಅಲ್ಲಿ ಬಹಳ.

ಎಟಿಎಂ ಪರದೆಯ ಮೇಲೆ ನಿನ್ನ ದೇಶದ ಕರೆನ್ಸಿಯಲ್ಲಿ ಒಂದು ಮೊತ್ತ ಬರುತ್ತದೆ, "ಗ್ಯಾರಂಟಿ ದರ" ಅಂತ ಬರೆದಿರುತ್ತದೆ. ಕೆಳಗೆ ಎರಡು ಗುಂಡಿ: ಅಕ್ಸೆಪ್ಟ್, ಡಿಕ್ಲೈನ್. ಡಿಕ್ಲೈನ್ ಒತ್ತಿದರೆ ಹಣವೇ ಬರುವುದಿಲ್ಲ ಅಂದುಕೊಂಡು ಎಷ್ಟೋ ಜನ ಅಕ್ಸೆಪ್ಟ್ ಒತ್ತುತ್ತಾರೆ. ಹಣ ಬರುತ್ತದೆ, ಬೇಡ ಅಂದದ್ದು ಅವರ ಪರಿವರ್ತನೆಯನ್ನು ಮಾತ್ರ. ಒಪ್ಪಿದರೆ ಎಟಿಎಂನ ಅಥವಾ ಅಂಗಡಿಯವರ ಕಡೆಯ ಬ್ಯಾಂಕು ತನಗೆ ಬೇಕಾದ ದರ ಹಾಕುತ್ತದೆ, ಶೇ 4ರಿಂದ 8ರಷ್ಟು ಹೆಚ್ಚು, ಒಮ್ಮೊಮ್ಮೆ ಅದಕ್ಕೂ ಮೇಲೆ. ನಿನ್ನ ಶೂನ್ಯ ಮಾರ್ಕಪ್ ಕಾರ್ಡಿಗೆ ಅರ್ಥವೇ ಉಳಿಯುವುದಿಲ್ಲ. ಅಂಗಡಿಯಲ್ಲಿ ಇನ್ನೂ ಉಪಾಯವಾಗಿ ನಡೆಯುತ್ತದೆ, ಕೌಂಟರಿನಲ್ಲಿ ನಿಂತವರೇ ಒಪ್ಪಿಗೆಯ ಗುಂಡಿ ಒತ್ತಿ ಯಂತ್ರವನ್ನು ನಿನ್ನ ಕಡೆ ತಿರುಗಿಸುತ್ತಾರೆ. ಟ್ಯಾಪ್ ಮಾಡುವ ಮೊದಲು ಮೊತ್ತದ ಪಕ್ಕದ ಮೂರಕ್ಷರದ ಕರೆನ್ಸಿ ಕೋಡ್ ನೋಡು. ಡಾಲರ್ ಚಿಹ್ನೆಯನ್ನು ನಂಬಬೇಡ, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರದವರೂ ಅದನ್ನೇ ಬಳಸುತ್ತಾರೆ. ಕೋಡ್ ಆ ದೇಶದ್ದಲ್ಲದಿದ್ದರೆ ಅಲ್ಲೇ ಕ್ಯಾನ್ಸಲ್ ಮಾಡಿಸು. ಹೊರಗೆ ಬಂದ ಮೇಲೆ ವಾದಿಸಿ ಗೆಲ್ಲುವುದು ಕಷ್ಟ.

ಕೊರೆಯುತ್ತಿದ್ದೇನೆ ಅಂತ ಗೊತ್ತು. ಲೆಕ್ಕ ತಪ್ಪಿ ಶೇ 5 ಹೋದರೆ ಹೋಗಲಿ, ನನಗೆ ನಿದ್ದೆ ಕೆಡುವುದು ಅದಕ್ಕಲ್ಲ. ಹೀಗಾದರೆ ಏನು ಗತಿ ಅಂತ: ರಾತ್ರಿ ಹೊತ್ತು, ಮನುಷ್ಯರಿಲ್ಲದ ರೈಲು ನಿಲ್ದಾಣದ ಟಿಕೆಟ್ ಯಂತ್ರ ಟ್ಯಾಪ್ ಒಪ್ಪದೆ ಚಿಪ್, ಪಿನ್ ಕೇಳುತ್ತದೆ. ಕೈಯಲ್ಲಿರುವ ಒಂದೇ ಕಾರ್ಡು ಬ್ಲಾಕ್ ಆಗಿದೆ. ಅದನ್ನು ಬಿಡಿಸಲು ಒಟಿಪಿ ಬೇಕು, ಒಟಿಪಿ ಬರುವ ಸಿಮ್ ತೆಗೆದು ನೀನು ಅಲ್ಲಿನ ಸಿಮ್ ಹಾಕಿದ್ದೀಯ. ಒಂದಕ್ಕೊಂದು ಹೇಗೆ ಗಂಟುಬಿದ್ದಿದೆ ನೋಡು. ಹಳೆಯ ನಂಬರನ್ನು ಎರಡನೇ ಸಿಮ್ ಸ್ಲಾಟಿನಲ್ಲಿ ರೋಮಿಂಗ್ ಹಾಕಿಸಿ ಇಟ್ಟುಕೊ, ಅಥವಾ ಒಟಿಪಿ ಬದಲು ಆ್ಯಪ್‌ನಲ್ಲೇ ಒಪ್ಪಿಗೆ ಕೊಡುವ ಸೌಲಭ್ಯವಿದ್ದರೆ ಮನೆಯಲ್ಲಿದ್ದಾಗಲೇ ಶುರುಮಾಡಿಸು. ಕಾರ್ಡಿನ ಹಿಂದಿನ ಉಚಿತ ಕರೆಯ ಸಂಖ್ಯೆ ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಪ್ಲಸ್ ಚಿಹ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊ, ಫೋನಿನಲ್ಲಲ್ಲ.

ಎರಡನೇ ಕಾರ್ಡು ಬಂದ ಮೇಲೆ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಇದೆಯೇ ನೋಡು. ಅಂಗಡಿ, ಎಟಿಎಂ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಸ್ವಿಚ್ ಇರಬಹುದು. ಪಿನ್ 4 ಅಂಕಿಯದಾದರೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ, 6 ಅಂಕಿಯನ್ನು ಕೆಲವು ಯಂತ್ರಗಳು ತಗೊಳ್ಳುವುದಿಲ್ಲ. ಹೊರಡುವ ಮುಂಚೆ ಒಮ್ಮೆ ಕಾರ್ಡನ್ನು ಯಂತ್ರಕ್ಕೆ ಹಾಕಿ, ಪಿನ್ ಒತ್ತಿ ಬಳಸು. ಕೆಲವು ಕಾರ್ಡುಗಳಲ್ಲಿ ಅದಾಗುವವರೆಗೆ ಟ್ಯಾಪ್ ಕೆಲಸ ಮಾಡುವುದಿಲ್ಲ.

ನಿನ್ನ ಅಮ್ಮ