ಹೈವೇ ಬಿಟ್ಟು ಒಂದು ಗಂಟೆ ಊರೊಳಗೆ ಬನ್ನಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ರಜೆ ಬಂತು ಅಂದ್ರೆ ಪೇಪರ್ ತುಂಬ ಕೊಡಗು, ಚಿಕ್ಕಮಗಳೂರು, ಗೋಕರ್ಣ, ಹಂಪಿ, ಎಲ್ಲಿ ರೂಮ್ ಸಿಗ್ತಿಲ್ಲ, ಯಾವ ಘಾಟಿಯಲ್ಲಿ ಎಷ್ಟು ಗಂಟೆ ಟ್ರಾಫಿಕ್ ಜಾಮ್ ಆಯ್ತು, ಇಷ್ಟೇ ಸುದ್ದಿ. ಅಲ್ಲಿಗೆ ಹೋಗೋ ದಾರೀಲಿ ಏನೇನಿದೆ ಅಂತ ಬರೆಯೋರು ಕಮ್ಮಿ, ಅದಕ್ಕೇ ಈ ಪತ್ರ. ನಾನು ಹುಬ್ಬಳ್ಳಿ ಕಡೆಯವಳು, ಮದುವೆಯಾಗಿ ಬೆಂಗಳೂರಿಗೆ ಬಂದು 16 ವರ್ಷ ಆಯ್ತು, ವರ್ಷಕ್ಕೆ ಮೂರ್ನಾಲ್ಕು ಸಲ ಕಾರಲ್ಲಿ ತವರಿಗೆ ಹೋಗಿ ಬರ್ತೀವಿ. ನಾನೂರು ಕಿಲೋಮೀಟರ್ ಚಿಲ್ಲರೆ ದಾರಿ. ಮೊದಲ ಎಂಟ್ಹತ್ತು ವರ್ಷ ನಾವೂ ಎಲ್ಲರ ಹಾಗೇ, ಬೆಳಗ್ಗೆ ಐದಕ್ಕೆ ಹೊರಡು, ಒಂದು ಕಡೆ ತಿಂಡಿ, ಒಂದು ಕಡೆ ಟೀ, ಮಧ್ಯಾಹ್ನ ಊಟಕ್ಕೆ ಅಮ್ಮನ ಮನೆ. ಎಷ್ಟು ಬೇಗ ಮುಟ್ಟಿದ್ವಿ ಅನ್ನೋದೇ ಲೆಕ್ಕ.

ನಾನು ಚಿಕ್ಕವಳಿದ್ದಾಗ ಇದೇ ದಾರೀಲಿ ಕೆಂಪು ಬಸ್ಸಲ್ಲಿ ಬರ್ತಿದ್ವಿ. ಆಗ ಈ ಬೈಪಾಸುಗಳು ಇರ್ಲಿಲ್ಲ, ಬಸ್ಸು ಪ್ರತಿ ಊರೊಳಗೂ ನುಗ್ಗಿ, ಸ್ಟ್ಯಾಂಡಲ್ಲಿ ನಿಂತು, ಕಿಟಕಿ ಹತ್ರ ಕಡ್ಲೆಕಾಯಿ, ಸೌತೆಕಾಯಿ ಮಾರೋರು ಬಂದು, ಹಂಗೆ ಹೋಗ್ತಿತ್ತು. ಶಿರಾ ಅಂದ್ರೆ ಹಿಂಗಿದೆ, ಹಿರಿಯೂರು ಅಂದ್ರೆ ಹಿಂಗಿದೆ, ರಾಣೆಬೆನ್ನೂರು ಅಂದ್ರೆ ಹಿಂಗಿದೆ ಅಂತ ಕಣ್ಣಿಗಾದ್ರೂ ಗೊತ್ತಿತ್ತು. ಈಗ ನನ್ನ ಮಗಳಿಗೆ ಈ ಊರುಗಳೆಲ್ಲ ಹಸಿರು ಬೋರ್ಡ್ ಮೇಲಿನ ಹೆಸರು ಅಷ್ಟೇ. ರಸ್ತೆ ಅಗಲ ಆಗಿದ್ದು ಒಳ್ಳೇದೇ, ಆಕ್ಸಿಡೆಂಟ್ ಭಯ, ಊರೊಳಗಿನ ಗದ್ದಲ ಎಲ್ಲ ತಪ್ಪಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಊರುಗಳು ಪಕ್ಕಕ್ಕೆ ಸರಿದುಹೋದ್ವು, ನೋಡೋರು ಇಲ್ಲ ಅಂತ ಅಲ್ಲಿನ ಜಾಗಗಳೂ ಹಂಗೇ ಬಿದ್ದಿವೆ.

ಐದಾರು ವರ್ಷದಿಂದ ನಮ್ಮನೇಲಿ ಒಂದು ರೂಢಿ ಮಾಡ್ಕೊಂಡಿದೀವಿ. ಒಂದು ಪ್ರಯಾಣಕ್ಕೆ ಒಂದೇ ಜಾಗ, ಹೈವೇಯಿಂದ ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ, ಒಂದೆರಡು ಗಂಟೆ ಅದಕ್ಕೇ ಅಂತ ಮೀಸಲು. ಒಂದಕ್ಕಿಂತ ಜಾಸ್ತಿ ಇಟ್ಕೋಬೇಡಿ ಅಂತ ಓದುಗರಿಗೆ ಮೊದಲೇ ಹೇಳ್ತೀನಿ, ಎರಡು ಮೂರು ಇಟ್ಕೊಂಡ್ರೆ ಎಲ್ಲೂ ಸಮಾಧಾನ ಇರಲ್ಲ, ಮಕ್ಕಳೂ ರೇಗ್ತಾರೆ, ಕತ್ತಲಾದ್ಮೇಲೆ ಲಾರಿಗಳ ಮಧ್ಯ ಗಾಡಿ ಓಡಿಸ್ಬೇಕಾಗತ್ತೆ.

ಸೀಬಿ ನೋಡಿ. ತುಮಕೂರು ದಾಟಿ ಶಿರಾ ಕಡೆ ಹೋಗೋವಾಗ ಹೈವೇ ಪಕ್ಕದಲ್ಲೇ ಸಿಗೋ ನರಸಿಂಹಸ್ವಾಮಿ ದೇವಸ್ಥಾನ. ನಾವು ಎಷ್ಟು ವರ್ಷ ಅದನ್ನ ಹಾದು ಹೋಗಿದೀವೋ ಲೆಕ್ಕ ಇಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಮೇಲೆ ಇನ್ನೆಲ್ಲೂ ನಿಲ್ಲಬಾರ್ದು ಅನ್ನೋ ಗುಂಗು. ಒಂದ್ಸಲ ಗಾಡಿ ಬಿಸಿಯಾಗಿದೆ ಅಂತ ಅಲ್ಲೇ ನಿಲ್ಲಿಸಿ ಸುಮ್ನೆ ಒಳಗೆ ಹೋದ್ವಿ, ತಲೆ ಎತ್ತಿ ನೋಡಿದ್ರೆ ಛಾವಣಿ ತುಂಬ ಚಿತ್ರ! 18ನೇ ಶತಮಾನದ ಕೊನೇಲಿ ಬರೆಸಿದ ಬಣ್ಣದ ಚಿತ್ರಗಳು, ಪುರಾಣದ ಕಥೆ ಒಂದ್ಕಡೆ, ಹೈದರಾಲಿ ಕಾಲದ ದರ್ಬಾರು, ಪೇಟ, ನಿಲುವಂಗಿ ಎಲ್ಲಾ ಇನ್ನೊಂದ್ಕಡೆ. ಆ ಕಾಲದ ಸರ್ಕಾರದಲ್ಲಿ ದೊಡ್ಡ ಹುದ್ದೇಲಿದ್ದವರ ಮನೆಯ ಮೂವರು ಅಣ್ಣ ತಮ್ಮಂದಿರು ಕಟ್ಟಿಸಿದ ಗುಡಿ ಇದು. ಕೆಲವು ಕಡೆ ಮಳೆ ನೀರು ಇಳಿದು ಬಣ್ಣ ಹಾಳಾಗಿದೆ, ನೋಡಿದ್ರೆ ಹೊಟ್ಟೆ ಉರಿಯತ್ತೆ. ಇಲ್ಲಿಗೆ ಹೋಗೋರು ಬೆಳಗ್ಗೇನೇ ಹೋಗಿ, ಮಧ್ಯಾಹ್ನ ಬಾಗಿಲು ಹಾಕಿರಬಹುದು. ಫ್ಲ್ಯಾಶ್ ಹಾಕಿ ಫೋಟೋ ತೆಗೀಬೇಡಿ, ಕೈಗೆಟುಕೋ ಕಡೆ ಮುಟ್ಟಬೇಡಿ. ಕುತ್ತಿಗೆ ನೋವು ಬರೋ ತನಕ ನೋಡಿ.

ಶಿರಾ ಹತ್ರ ಕಗ್ಗಲಡು ಅಂತ ಒಂದು ಹಳ್ಳಿ ಇದೆ, ಪಟ್ಟಣದಿಂದ ಹತ್ತು ಕಿಲೋಮೀಟರ್ ಒಳಗೇ ಸಿಗತ್ತೆ. ಅಲ್ಲಿ ಊರ ಮಧ್ಯದ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ತವೆ. ಕೊಕ್ಕರೆ ಬೆಳ್ಳೂರು ಎಲ್ಲರಿಗೂ ಗೊತ್ತು, ಇದು ಗೊತ್ತಿಲ್ಲ. ನಾವು ಹೋಗಿದ್ದು ಮಾರ್ಚಲ್ಲಿ, ಮರಿಗಳು ಇನ್ನೂ ಗೂಡಲ್ಲೇ ಇದ್ವು. ಹಳದಿ ಕೊಕ್ಕು, ಬಾಲದ ಹತ್ರ ಯಾರೋ ಕುಂಕುಮ ನೀರಲ್ಲಿ ಅದ್ದಿ ತೆಗೆದ ಹಾಗೆ ಗುಲಾಬಿ ಬಣ್ಣ, ಒಂದೊಂದು ಹಕ್ಕಿ ರೆಕ್ಕೆ ಬಿಚ್ಚಿ ಮನೆ ಹೆಂಚಿನ ಮೇಲಿಂದ ಇಳಿಯೋವಾಗ ಅದರ ನೆರಳು ಅಂಗಳದಲ್ಲಿ ಹಾದು ಹೋಗತ್ತೆ, ಕೆಳಗೆ ಒಬ್ಬ ಅಜ್ಜಿ ಅದ್ಯಾವುದೂ ತನಗೆ ಸಂಬಂಧ ಇಲ್ಲ ಅನ್ನೋ ಹಾಗೆ ರಾಗಿ ಕೇರ್ತಾ ಕೂತಿದ್ರು. ನನ್ನ ಮಗಳು "ಅಜ್ಜಿ, ಗಲೀಜು ಮಾಡಲ್ವಾ ಇವು, ನಿಮಗೆ ತೊಂದ್ರೆ ಆಗಲ್ವಾ" ಅಂತ ಕೇಳಿದ್ಲು. "ಬಾಣಂತನಕ್ಕೆ ತವರಿಗೆ ಬಂದವ್ರನ್ನ ತೊಂದ್ರೆ ಅಂತಾರೇನವ್ವ" ಅಂದ್ರು ಆ ತಾಯಿ. ನಾನೂ ತವರಿಗೇ ಹೊರಟವಳು, ಆ ಮಾತು ಹುಬ್ಬಳ್ಳಿ ಮುಟ್ಟೋ ತನಕ ಎದೆಯಲ್ಲೇ ಇತ್ತು.

ಅಲ್ಲಿಗೆ ಹೋಗೋರಿಗೆ ಒಂದೆರಡು ಮಾತು: ಊರೊಳಗೆ ಹಾರ್ನ್ ಹೊಡೀಬೇಡಿ, ಮರದ ಬುಡಕ್ಕೆ ಕಾರ್ ನಿಲ್ಲಿಸ್ಬೇಡಿ, ಮಕ್ಕಳು ಕಲ್ಲು ಎಸೀದೇ ಇರೋ ಹಾಗೆ ನೋಡ್ಕೊಳ್ಳಿ, ಡ್ರೋನ್ ಅಂತೂ ಬೇಡವೇ ಬೇಡ. ಮಳೆಗಾಲ ಕಳೆದ ಮೇಲೆ ಹೋದ್ರೆ ಖಾಲಿ ಗೂಡು ನೋಡ್ಕೊಂಡು ಬರ್ಬೇಕಾಗತ್ತೆ, ಫೆಬ್ರವರಿ ಮಾರ್ಚ್ ಒಳ್ಳೇದು.

ಹಿರಿಯೂರಿನ ವಾಣಿವಿಲಾಸ ಸಾಗರ ಈಗ ಜನಕ್ಕೆ ಗೊತ್ತಾಗಿದೆ, 2022ರಲ್ಲಿ ಕೋಡಿ ಬಿದ್ದಾಗ ಟಿವಿಯಲ್ಲೆಲ್ಲ ಬಂತಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 1933ರಲ್ಲಿ ಒಂದ್ಸಲ ತುಂಬಿ ಹರಿದಿದ್ದು ಬಿಟ್ರೆ ಮತ್ತೆ ತುಂಬಿದ್ದು 89 ವರ್ಷ ಆದ್ಮೇಲೆ, ಅದಾದ್ಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ಆ ಕಡೆಯವರು ಮಾರಿಕಣಿವೆ ಅಂತಲೇ ಅನ್ನೋದು. ಎರಡು ಗುಡ್ಡದ ನಡುವೆ ವೇದಾವತಿ ನದಿಗೆ ಅಡ್ಡ ಕಟ್ಟಿರೋದು, ಕಟ್ಟೆ ಮೇಲಿನ ಮಂಟಪದಲ್ಲಿ ಸಂಜೆ ಗಾಳಿಗೆ ಕೂತ್ರೆ ಏಳೋ ಮನಸ್ಸಾಗಲ್ಲ. ಹೈವೇಯಿಂದ ಸುಮಾರು 20 ಕಿಲೋಮೀಟರ್ ಒಳಗೆ, ಹೋಗಿ ಬರೋಕೆ ಎರಡು ಗಂಟೆ ಬೇಕು, ಇದು ನೆನಪಿರ್ಲಿ. ನೀರಿಗೆ ಮಾತ್ರ ಇಳೀಬೇಡಿ, ಆಳ ಗೊತ್ತಾಗಲ್ಲ.

ಚಿತ್ರದುರ್ಗದ ಕೋಟೆ ಬಗ್ಗೆ ನಾನು ಹೇಳೋದೇನಿದೆ, ಓಬವ್ವನ ಕಿಂಡಿ ಗೊತ್ತಿಲ್ಲದ ಕನ್ನಡದ ಮಗು ಇಲ್ಲ. ಆದ್ರೆ ಬಿಸಿಲೇರಿದ ಮೇಲೆ ಹತ್ತಬೇಡಿ, ಬಂಡೆ ಕಾದು ಕಾಲು ಸುಡತ್ತೆ. ಕೋತಿಗಳಿವೆ, ಕೈಯಲ್ಲಿ ತಿಂಡಿ ಕವರ್ ಹಿಡ್ಕೊಂಡು ಹೋಗ್ಬೇಡಿ. ವಯಸ್ಸಾದವರು ಜೊತೇಲಿದ್ರೆ ಕೋಟೆ ಬಿಟ್ಟು ಪಕ್ಕದ ಚಂದ್ರವಳ್ಳಿಗೆ ಹೋಗಿ, ಕೆರೆ ಇದೆ, ನೆರಳಿದೆ, ಕದಂಬರ ಮಯೂರನ ಶಾಸನ ಇರೋ ಬಂಡೆ ಇದೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಬೇಕು ಅಂದ್ರೆ ಬೈಪಾಸ್ ಬಿಟ್ಟು ಊರೊಳಗೇ ಹೋಗಿ ತಿನ್ನಿ, ಹೈವೇಲಿ ಅದೇ ಹೆಸರಿನ ಬೋರ್ಡ್ ನೋಡಿ ನಿಲ್ಲಿಸಿ ನಾವು ಒಂದೆರಡು ಸಲ ಬೇಜಾರು ಪಟ್ಟಿದೀವಿ. ಹರಿಹರದ ಹರಿಹರೇಶ್ವರ ಗುಡಿಯೂ ಹೈವೇಗೆ ತೀರಾ ಹತ್ರ, 1224ರ ಹೊತ್ತಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು, ಅರ್ಧ ಹರಿ ಅರ್ಧ ಹರ ಒಂದೇ ಮೂರ್ತೀಲಿ.

ಆದ್ರೆ ನಾನು ಈ ಪತ್ರ ಬರೆಯೋಕೆ ನಿಜವಾದ ಕಾರಣ ಬಂಕಾಪುರ.

ಹಾವೇರಿ ದಾಟಿ ಶಿಗ್ಗಾವಿ ಕಡೆ ಬರೋವಾಗ, ಹೈವೇಯಿಂದ ಸ್ವಲ್ಪ ಒಳಗೆ. ರಾಷ್ಟ್ರಕೂಟರ ಅಮೋಘವರ್ಷನ ಸಾಮಂತ ಬಂಕೇಯನ ಹೆಸರಿನ ಊರು, ಕವಿ ರನ್ನ ಗುರು ಅಜಿತಸೇನರ ಹತ್ರ ಓದಿದ್ದು ಇಲ್ಲೇ ಅಂತಾರೆ. ಅಂಥಾ ಊರಿನ ಹೆಸರು ಹೇಳಿದ್ರೆ ನನ್ನ ಬೆಂಗಳೂರಿನ ಗೆಳತಿಯರಿಗೆ ಟೋಲ್ ಗೇಟ್ ನೆನಪಾಗತ್ತೆ! ಹಳೇ ಕೋಟೆಯ ಜಾಗದಲ್ಲಿ ಈಗ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರ ಇದೆ, ಕೋಟೆಯ ಕಂದಕದಲ್ಲಿ ಮುಳ್ಳುಗಿಡ ಬೆಳೆದು ನವಿಲುಗಳ ತವರಾಗಿದೆ, ಅದನ್ನ ನವಿಲು ಧಾಮ ಅಂತಲೇ ಘೋಷಣೆ ಮಾಡಿದಾರೆ. ಅದರೊಳಗೇ ನಗರೇಶ್ವರ ದೇವಸ್ಥಾನ, ಊರವರ ಬಾಯಲ್ಲಿ ಅರವತ್ತು ಕಂಬದ ಗುಡಿ.

ನಾವು ಮೊದಲ ಸಲ ಹೋಗಿದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಬುದ್ಧಿ ಇಲ್ಲದ ಹೊತ್ತು. ಒಂದು ನವಿಲೂ ಕಾಣ್ಲಿಲ್ಲ. ಅಲ್ಲಿ ದನ ಮೇಯಿಸ್ತಿದ್ದ ಒಬ್ಬ ಹಿರಿಯರು "ಈಗ ಎಲ್ಲಿ ಕಾಣ್ತಾವ್ರೀ ತಂಗಿ, ಬಿಸಲಿಗೆ ಎಲ್ಲಾ ಗಿಡದ ಬುಡಕ್ಕ ಕುಂತಿರ್ತಾವ, ಮುಂಜಾನೆ ಬರ್ರಿ, ಇಲ್ಲಂದ್ರ ಸಂಜಿಮುಂದ" ಅಂದು, ನಾವು ಪೆಚ್ಚುಮೋರೆ ಹಾಕಿದ್ದು ನೋಡಿ ಗುಡಿಗಾದ್ರೂ ಬರ್ರಿ ಅಂತ ತಾವೇ ಕರ್ಕೊಂಡು ಹೋದ್ರು. ಹೊರಗೆ ಕಣ್ಣು ಬಿಡೋಕಾಗದ ಬಿಸಿಲು, ಒಳಗೆ ಕಾಲಿಟ್ರೆ ಮಣ್ಣಿನ ಮಡಕೆಯೊಳಗೆ ಹೊಕ್ಕ ಹಾಗೆ ತಣ್ಣಗೆ. ಸಾಲು ಸಾಲು ಕಂಬ, ಒಂದೊಂದೂ ಬಳೆ ಬಳೆಯಾಗಿ ತಿರುವಿ ನುಣುಪು ಮಾಡಿದ್ದು, ಎಷ್ಟು ನುಣುಪು ಅಂದ್ರೆ ನನ್ನ ಮಗಳು ಕಂಬಕ್ಕೆ ಕೆನ್ನೆ ಇಟ್ಟು ನಿಂತುಬಿಟ್ಲು, ಆಮೇಲೆ ಅದರಲ್ಲಿ ಮಸುಕಾಗಿ ಕಾಣೋ ತನ್ನ ಮುಖ ನೋಡ್ಕೊಂಡು ನಗಾಡಿದ್ಲು. ನಾವು ನಾಲ್ಕು ಜನ ಬಿಟ್ರೆ ಅಲ್ಲಿ ಇನ್ನೊಂದು ಪಿಳ್ಳೆ ಇಲ್ಲ. ಆ ಹಿರಿಯರು ಟವೆಲ್ಲಿಂದ ಕಟ್ಟೆ ಝಾಡಿಸಿ ಕೂರಿಸಿದ್ರು, ದುಡ್ಡು ಕೊಡೋಕೆ ಹೋದ್ರೆ ಬೇಡ ಅಂತ ಕೈ ಮುಗಿದ್ರು.

ಆದ್ರೆ ಅಲ್ಲಿಂದ ಹೊರಗೆ ಬಂದಾಗ ಮಗಳಿಗೆ ಬಾತ್‌ರೂಮಿಗೆ ಅರ್ಜೆಂಟು. ಸುತ್ತ ಎಲ್ಲೂ ಇಲ್ಲ. ಒಂದು ಸಣ್ಣ ಹೋಟೆಲಲ್ಲಿ ಕೇಳಿದ್ರೆ ಇಲ್ಲ ಅಂದ್ರು. ಹನ್ನೊಂದು ವರ್ಷದ ಹುಡುಗಿ, ಹೆಂಗೆ ಎಲ್ಲೆಂದ್ರಲ್ಲಿ ಕೂರಿಸೋದು ಹೇಳಿ. ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು ಅವಳಿಗೆ. ಕೊನೆಗೆ ರಸ್ತೆ ಪಕ್ಕದ ಮನೆ ಬಾಗಿಲಲ್ಲಿ ಮೆಣಸಿನಕಾಯಿ ತೊಟ್ಟು ಮುರೀತಾ ಕೂತಿದ್ದ ಒಬ್ಬ ಹೆಂಗಸು ನಮ್ಮ ಮುಖ ನೋಡೇ ಅರ್ಥ ಮಾಡ್ಕೊಂಡು "ಬರ್ರಿ ಅಕ್ಕಾರ, ಕೂಸನ್ನ ಒಳಗ ಕಳಸ್ರಿ" ಅಂದ್ರು. ಆ ತಾಯಿಯ ಹೆಸರೂ ಕೇಳ್ಲಿಲ್ಲ ನಾನು, ಇವತ್ತಿಗೂ ಅದು ಮನಸ್ಸಿಗೆ ಕೊರೆಯತ್ತೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಗಂಡಸರು ಗಾಡಿ ಎಲ್ಲಾದ್ರೂ ನಿಲ್ಲಿಸ್ತಾರೆ, ಹೆಂಗಸರು ಮಕ್ಕಳು ಇರೋ ಕುಟುಂಬ ಹೈವೇ ಬಿಟ್ಟು ಒಳಗೆ ಬರೋಕೆ ಹೆದರೋದು ಇದೊಂದೇ ಕಾರಣಕ್ಕೆ. ನಮ್ಮ ಮನೆಯ ಎಷ್ಟೋ ಹೆಂಗಸರು ಪ್ರಯಾಣದ ದಿನ ನೀರೇ ಕುಡಿಯಲ್ಲ, ಗೊತ್ತಾ ನಿಮಗೆ? ಈಗ ನಾವು ಏನು ಮಾಡ್ತೀವಿ ಅಂದ್ರೆ ಟೋಲ್ ಹತ್ರನೋ, ಕ್ಲೀನ್ ಇರೋ ಪೆಟ್ರೋಲ್ ಬಂಕಲ್ಲೋ ಮುಗಿಸ್ಕೊಂಡೇ ಒಳಗೆ ತಿರುಗ್ತೀವಿ, ಒಂದು ಮಗ್, ಒಂದು ಸೋಪು, ಐದು ಲೀಟರ್ ನೀರು ಡಿಕ್ಕೀಲಿ ಇದ್ದೇ ಇರತ್ತೆ. ಚಿಲ್ಲರೆ ನೋಟೂ ಇಟ್ಕೊಳ್ಳಿ, ಎಳನೀರಿನವನ ಹತ್ರ ಫೋನ್ ಪೇ ಇದ್ರೂ ನೆಟ್‌ವರ್ಕ್ ಇರಲ್ಲ. ಇನ್ನೊಂದು, ಮ್ಯಾಪ್ ನಂಬ್ಕೊಂಡು ಕೊನೇ ಎರಡು ಕಿಲೋಮೀಟರ್ ಹೋಗ್ಬೇಡಿ, ಅದು ಹೊಲದ ದಾರಿ ತೋರಿಸಿ ಕೈಬಿಡತ್ತೆ, ಗಾಜು ಇಳಿಸಿ ಒಂದು ಟೀ ಅಂಗಡೀಲಿ ಕೇಳಿ. ಹೈವೇ ಮಧ್ಯ ಡಿವೈಡರ್ ಇರೋದ್ರಿಂದ ಯಾವ ಜಾಗ ಹೋಗೋವಾಗ ಎಡಕ್ಕೆ ಸಿಗತ್ತೆ, ಯಾವುದು ಬರೋವಾಗ ಅಂತ ಮನೇಲೇ ನೋಡ್ಕೊಂಡು ಹೊರಡಿ.

ಅಧಿಕಾರದಲ್ಲಿರೋರ ಹತ್ರ ನನ್ನ ಬೇಡಿಕೆ ದೊಡ್ಡದೇನಲ್ಲ. ರೆಸಾರ್ಟ್ ಬೇಡ, ಗ್ಲಾಸ್ ಬ್ರಿಡ್ಜ್ ಬೇಡ, ಲೇಸರ್ ಶೋ ಬೇಡ. ಹೈವೇಲಿ ತಿರುವು ಬರೋಕೆ ಒಂದು ಕಿಲೋಮೀಟರ್ ಮುಂಚೆ ಕನ್ನಡದಲ್ಲಿ ಒಂದು ಬೋರ್ಡ್, ಯಾವ ಹೊತ್ತಿಗೆ ಬಾಗಿಲು ತೆಗೀತಾರೆ ಅಂತ ಬರೆದಿರಲಿ. ಒಂದು ಶೌಚಾಲಯ, ಅದಕ್ಕೆ ನೀರು, ಅದನ್ನ ತೊಳೆಯೋಕೆ ಅದೇ ಊರಿನ ಒಬ್ಬರಿಗೆ ತಿಂಗಳ ಸಂಬಳ, ಹತ್ತು ರೂಪಾಯಿ ತಗೊಳ್ಳಲಿ, ಖುಷಿಯಿಂದ ಕೊಡ್ತೀವಿ. ಕಟ್ಟಿ ಉದ್ಘಾಟನೆ ಮಾಡಿ ಬೀಗ ಹಾಕೋ ಶೌಚಾಲಯ ಮಾತ್ರ ಬೇಡ.

ಪ್ರವಾಸಿಗಳ ಹತ್ರಾನೂ ಒಂದು ಮಾತು. ಕಳೆದ ಸಲ ಮಾರಿಕಣಿವೆಯಲ್ಲಿ ಮಂಟಪದ ಹತ್ರ ಬಿಯರ್ ಬಾಟಲಿ ಚೂರು ಬಿದ್ದಿದ್ವು, ಒಂದು ನಾಯಿ ಕಾಲು ಕುಂಟ್ತಾ ಹೋಗ್ತಿತ್ತು. ನಿಮ್ಮ ಕಸ ನಿಮ್ಮ ಕಾರಲ್ಲೇ ಊರಿಗೆ ತಗೊಂಡು ಹೋಗಿ. ಆ ಊರಲ್ಲಿ ಏನಾದ್ರೂ ಕೊಳ್ಳಿ, ಒಂದು ಕೆಜಿ ಕಡ್ಲೆಕಾಯಿನೋ, ಬ್ಯಾಡಗಿ ಮೆಣಸಿನಕಾಯಿನೋ, ಹಾವೇರಿಯ ಏಲಕ್ಕಿ ಹಾರನೋ. ಏಲಕ್ಕಿ ಹಾರ ನಮ್ಮ ದೇವರ ಮನೇಲಿ ಆರು ತಿಂಗಳಾದ್ರೂ ಘಮ ಬಿಟ್ಟಿಲ್ಲ.

ಸಂಪಾದಕರೇ, ನಿಮ್ಮ ಪೇಪರಿಗೆ ಪ್ರತಿ ತಾಲ್ಲೂಕಲ್ಲೂ ವರದಿಗಾರರು ಇರ್ತಾರೆ. ವಾರಕ್ಕೆ ಒಂದು ಊರಿನ ಹಾಗೆ, ಹೈವೇಯಿಂದ ಎಷ್ಟು ದೂರ, ಯಾವ ತಿಂಗಳು ಚೆನ್ನ, ಊಟ ಎಲ್ಲಿ ಸಿಗತ್ತೆ, ಶೌಚಾಲಯ ಇದೆಯೋ ಇಲ್ಲವೋ ಅಂತ ನಾಲ್ಕು ಸಾಲು ಹಾಕಿ ಅಂತ ನನ್ನ ವಿನಂತಿ. ನಾವು ದೀಪಾವಳಿಗೆ ಮತ್ತೆ ಹೊರಡ್ತಿದೀವಿ, ಈ ಸಲ ಬೆಳಗ್ಗೆ ಮೂರಕ್ಕೇ ಎದ್ದು ಹೊರಟು, ಎಲ್ಲೂ ನಿಲ್ಲದೇ ಬಂದು, ಹಾವೇರಿಯಲ್ಲಿ ಬಿಸಿಲು ಇಳಿಯೋ ತನಕ ಕಾದು, ಸಂಜೆ ನವಿಲು ಕೂಗೋ ಹೊತ್ತಿಗೆ ಬಂಕಾಪುರದಲ್ಲಿ ಇರಬೇಕು ಅಂತ ಮಗಳು ಈಗಲೇ ಕ್ಯಾಲೆಂಡರಲ್ಲಿ ಬರೆದಿಟ್ಟಿದಾಳೆ. ಆ ಮೆಣಸಿನಕಾಯಿ ಮನೆಯ ತಾಯಿಗೆ ಒಂದು ಸೀರೆ ತಗೊಂಡಿದೀನಿ, ಹೆಸರು ಕೇಳ್ಕೊಂಡು ಬರ್ತೀನಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ವಿಜಯನಗರ, ಬೆಂಗಳೂರು